ದೇವರು ಹೇಳದೇ ಇದ್ದ ಮಾತು

ಗಡ್ಡೆ ಕರಗುತ್ತದೆ ಎಂದು ನಾನು ಹೇಳಿದ್ದು ಮಾನ್ವಿಯ ನಮ್ಮ ದೇವಾಲಯದಲ್ಲಿ, ಮೂರು ದಿನದ ಉಪವಾಸ ಪ್ರಾರ್ಥನೆಯ ಕೊನೆಯ ಮಧ್ಯಾಹ್ನ, ಅದೂ ಮೈಕಿನಲ್ಲಿ. ಮೆಲ್ಲಗೆ ಹೇಳಿದ್ದರೆ ಆಮೇಲೆ ನುಂಗಿಕೊಳ್ಳಬಹುದಿತ್ತೋ ಏನೋ. ನಾನು ಆ ಕ್ರೈಸ್ತ ಸಭೆಯ ಪಾಲಕ, ಜನರ ಬಾಯಲ್ಲಿ ಅಯ್ಯಾರು. ಮೂರು ದಿನ ಬರೀ ನೀರು ಕುಡಿದು ತಲೆ ಹಗುರಾಗಿತ್ತು. ಎದುರಿಗೆ ಜನ ಕಣ್ಣು ಮುಚ್ಚಿಕೊಂಡು ಅಳುತ್ತಿದ್ದರು. ಎಣ್ಣೆ ಹಚ್ಚಿದ ಬೆರಳನ್ನು ಮುಂದೆ ಮೊಣಕಾಲೂರಿದ್ದ ಒಬ್ಬ ಹೆಂಗಸಿನ ಹಣೆಗೆ ಒತ್ತಿ, "ಕರ್ತನು ಹೇಳುತ್ತಿದ್ದಾನೆ, ಈ ಗಡ್ಡೆ ಕರಗಿ ಹೋಗುತ್ತದೆ" ಎಂದೆ. ಸಭೆಯೆಲ್ಲ ಆಮೆನ್ ಎಂದಿತು. ಹೇಳಿದ್ದು ಕರ್ತನಲ್ಲ, ನಾನು. ಅದು ಆಗಲೂ ನನಗೆ ಗೊತ್ತಿತ್ತು. ಆದರೆ ಆ ಆಮೆನ್ ಬಲು ರುಚಿಯಾಗಿತ್ತು.

ಆಕೆ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊಲಿಯುವ ಹೆಂಗಸು. ಐವತ್ತರ ಆಸುಪಾಸು, ಗಂಡ ಇಲ್ಲ, ಮಗಳನ್ನು ಮದುವೆ ಮಾಡಿ ಕೊಟ್ಟಾಗಿದೆ. ಆದಿತ್ಯವಾರ ಗಂಟೆ ಹೊಡೆಯುವ ಮೊದಲೇ ಬಂದು ಜಮಖಾನ ಹಾಸುವವಳು ಆಕೆಯೇ. ನನ್ನ ಪ್ರಸಂಗ ಉದ್ದವಾದರೆ ನಿದ್ದೆ ಮಾಡದೆ ಕೇಳುವ ನಾಲ್ಕೈದು ಮಂದಿಯಲ್ಲಿ ಒಬ್ಬಳು. ಹೊಟ್ಟೆನೋವು, ನಿಲ್ಲದ ರಕ್ತಸ್ರಾವ ಎಂದು ರಾಯಚೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿದಾಗ ಗರ್ಭಕೋಶದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಇರುವುದು ಗೊತ್ತಾಗಿತ್ತು. ಆಪರೇಷನ್‌ಗೆ ಹೆದರಿ ನನ್ನ ಹತ್ತಿರ ಬಂದಿದ್ದಳು. ನಾನು ಹೆದರಿಕೆ ಬಿಡಿಸುವ ಬದಲು ಗಡ್ಡೆಯನ್ನೇ ಬಿಡಿಸಲು ಹೊರಟೆ.

ಎರಡು ತಿಂಗಳ ನಂತರ ಮತ್ತೆ ಸ್ಕ್ಯಾನ್ ಆಯಿತು. ನಿಂಬೆಹಣ್ಣು ಮೋಸಂಬಿಯಾಗಿತ್ತು. ಡಾಕ್ಟರಮ್ಮ ಕೇಸ್ ಪೇಪರ್ ಮೇಲೆ ಆಪರೇಷನ್ ತಾರೀಖು ಬರೆದುಕೊಟ್ಟರು. ರಕ್ತ ತೀರಾ ಕಡಿಮೆಯಾಗಿದೆ, ಮೊದಲು ಎರಡು ಬಾಟಲಿ ಏರಿಸಬೇಕು, ಹೀಗೇ ಬಿಟ್ಟರೆ ಜೀವಕ್ಕೇ ಕುತ್ತು ಎಂದು ಹೇಳಿ ಕಳಿಸಿದರು. ಸಂಬಂಧಿಕರ ಜಾಗದಲ್ಲಿ ಆಕೆ ನನ್ನ ಫೋನ್ ನಂಬರ್ ಬರೆಸಿದ್ದಳು.

ನನಗೆ ಆಕೆಯ ಜೀವಕ್ಕಿಂತ ಮೊದಲು ನೆನಪಾದದ್ದು ಮೈಕು. ಜನ ಏನಂದಾರು? ಎರಡು ದಿನ ಸಭೆಯ ವಾಟ್ಸಾಪ್ ಗುಂಪನ್ನು ತೆರೆಯಲಿಲ್ಲ. ಅಷ್ಟರಲ್ಲಿ ಯಾರೋ ಬಂದು ಸುದ್ದಿ ಮುಟ್ಟಿಸಿದರು. ಆಕೆಯ ಅಕ್ಕ ನೀರಮಾನ್ವಿಯವಳು, ಯಲ್ಲಮ್ಮನಿಗೆ ನಡೆದುಕೊಳ್ಳುವ ಮನೆತನ. ತಂಗಿ ಬದುಕಲಿ ಎಂದು ಹರಕೆ ಹೊತ್ತು, ಈಕೆಯನ್ನೂ ಕರೆದುಕೊಂಡು ಗುಡಿಗೆ ಹೋಗಿದ್ದಳಂತೆ. ಹಣೆಗೆ ಭಂಡಾರ ಹಚ್ಚಿಸಿದ್ದಳಂತೆ. ನನಗೆ ಸಿಟ್ಟು ಬಂತು ಎಂದು ಬರೆದರೆ ಅರ್ಧ ಸತ್ಯ. ಒಳಗೊಳಗೇ ಹಾಯೆನಿಸಿತು. ಗಡ್ಡೆ ಯಾಕೆ ಕರಗಲಿಲ್ಲ ಎಂಬುದಕ್ಕೆ ನನಗೊಂದು ಕಾರಣ ಸಿಕ್ಕಿತ್ತು. ಆಕೆ ಗುಡಿಗೆ ಹೋದದ್ದು ಸ್ಕ್ಯಾನ್ ಆದ ಮೇಲೆ ಎಂಬ ಸಣ್ಣ ಲೆಕ್ಕವನ್ನೂ ನಾನು ಮಾಡಲಿಲ್ಲ.

ನಮ್ಮ ಸಭೆಯಲ್ಲಿ ಇಂಥದ್ದಕ್ಕೆ ಒಂದು ಕ್ರಮವಿದೆ. ಮೊದಲು ಪಾಲಕರು ಒಬ್ಬ ಹಿರಿಯರ ಎದುರಿಗೆ ವಿಚಾರಿಸಬೇಕು. ಆಮೇಲೆ ಕಮಿಟಿ. ತಪ್ಪು ಎಂದಾದರೆ ಹೆಸರನ್ನು ಆದಿತ್ಯವಾರ ಓದಿ ಹೇಳುತ್ತಾರೆ. ಅಂಥವರು ಮೂರು ತಿಂಗಳು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಮುಟ್ಟುವಂತಿಲ್ಲ, ಬಾಗಿಲ ಹತ್ತಿರ ಹಿಂದಿನ ಸಾಲಿನಲ್ಲಿ ಕೂಡಬೇಕು. ಮೂರು ತಿಂಗಳಾದ ಮೇಲೆ ಜಮಖಾನದ ಮುಂದೆ ನಿಂತು ತಪ್ಪನ್ನು ಬಿಡಿಸಿ ಹೇಳಬೇಕು. "ತಪ್ಪಾಗಿದ್ದರೆ" ಎನ್ನುವ ಹಾಗಿಲ್ಲ, "ತಪ್ಪು ಮಾಡಿದೆ" ಎನ್ನಬೇಕು. ಯಾರಾದರೂ ಒಬ್ಬರು ಎದ್ದು ಬಂದು ಬಲಗೈ ಕೊಟ್ಟರೆ ಉಳಿದವರೂ ಕೊಡುತ್ತಾರೆ. ಅಲ್ಲಿಗೆ ಮುಗಿಯಿತು, ಮತ್ತೆ ಆ ಮಾತು ಎತ್ತುವಂತಿಲ್ಲ. ಕೆಟ್ಟ ಕ್ರಮ ಎಂದು ಈಗಲೂ ನಾನು ಹೇಳಲಾರೆ. ಅದು ನನ್ನ ಕೈಯಲ್ಲಿ ಏನಾಯಿತು ಎಂಬುದನ್ನಷ್ಟೇ ಹೇಳುತ್ತಿದ್ದೇನೆ.

ವಿಚಾರಣೆಗೆ ನಮ್ಮ ಸಭೆಯ ಕಾರ್ಯದರ್ಶಿಯನ್ನು ಕೂಡಿಸಿಕೊಂಡೆ. ಹೈಸ್ಕೂಲಿನಲ್ಲಿ ಗಣಿತ ಹೇಳುವ ಮಾಸ್ತರರು, ಮಾತು ಕಡಿಮೆ. ಆಕೆ ಏನನ್ನೂ ಮುಚ್ಚಿಡಲಿಲ್ಲ.

"ಹೌದ್ರಿ ಅಯ್ಯಾರ, ಹೋಗಿದ್ದೆ. ಅಕ್ಕ ಅಳಾಕತ್ತಿದ್ಳು. ಆಕೀ ಸಮಾಧಾನಕ್ಕ ಹೋದೆ. ಹೋದ ಮ್ಯಾಗ ಕೈನೂ ಮುಗದೆ. ಸುಳ್ಳ್ಯಾಕ ಹೇಳ್ಲಿ?"

ಅಷ್ಟು ನೇರವಾಗಿ ಒಪ್ಪಿಕೊಂಡವಳಿಗೆ ನಾನು ಒಂದು ಲೋಟ ನೀರು ಕೊಡಬೇಕಿತ್ತು. ಬದಲಿಗೆ ಎದ್ದು ನಿಂತು, ಬೆರಳು ತೋರಿಸಿ, "ಗಡ್ಡಿ ಯಾಕ ಬೆಳೀತು ಅಂತ ಈಗ ಗೊತ್ತಾತಿಲ್ಲ? ಇದು ದೇವರ ಶಿಕ್ಷಾ" ಎಂದೆ. ಮಾಸ್ತರರು ತಲೆ ಎತ್ತಿ ನನ್ನನ್ನು ನೋಡಿದರು, ಮತ್ತೆ ತಮ್ಮ ನೋಟ್‌ಬುಕ್ ನೋಡಿದರು. ಆಕೆ ಮಾತ್ರ ಕೈಕಟ್ಟಿಕೊಂಡು ಕೇಳಿದಳು. ಆದಿತ್ಯವಾರ ಆಕೆಯ ಹೆಸರು ಓದಿದೆ. ಜಮಖಾನ ಹಾಸಿದವಳೇ ಎದ್ದು ಹೋಗಿ ಬಾಗಿಲ ಹತ್ತಿರ ನೆಲದ ಮೇಲೆ ಕೂತಳು.

ಹತ್ತು ದಿನ ಬಿಟ್ಟು ಆಸ್ಪತ್ರೆಯಿಂದ ಫೋನ್ ಬಂತು. ನರ್ಸ್ ರೇಗುತ್ತಿದ್ದಳು. "ನಿಮ್ಮ ಪೇಷಂಟ್ ಎಲ್ಲಿದಾರ್ರಿ? ರಕ್ತ ತರಿಸಿಟ್ಟೀವಿ, ಬೆಡ್ ಖಾಲಿ ಇಟ್ಟೀವಿ, ಪತ್ತಾನೇ ಇಲ್ಲ."

ನೇರ ಮಿಲ್ಲಿಗೆ ಹೋದೆ. ಆಕೆ ತೌಡಿನ ಧೂಳಿನಲ್ಲಿ ಕೂತು, ದಬ್ಬಣಕ್ಕೆ ಸುತಳಿ ಪೋಣಿಸಿ ಚೀಲದ ಬಾಯಿ ಹೊಲಿಯುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು. ಪ್ರತಿ ಚೀಲಕ್ಕೂ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು.

"ಯವ್ವಾ, ದವಾಖಾನಿಗೆ ಯಾಕ ಹೋಗ್ಲಿಲ್ಲ?"

"ಶಿಕ್ಷಾ ಅಂದ್ರಲ್ರಿ" ಎಂದಳು. ದೂರುವ ದನಿಯಲ್ಲ, ಬಸ್ಸಿನ ವೇಳೆ ಹೇಳುವ ದನಿ. "ದೇವರು ಕೊಟ್ಟ ಶಿಕ್ಷಾ ಡಾಕ್ಟರ್ ಕಡೆ ಕೊಯ್ಯಿಸ್ಕೊಂಡ್ರ, ಅದು ತಪ್ಪಿಸ್ಕೊಂಡು ಓಡಿದಂಗ ಅಲ್ಲೇನ್ರಿ? ಅನುಭವಿಸ್ತೀನಿ ಬಿಡ್ರಿ. ಆತ ಸಾಕು ಅಂದಾಗ ಸಾಕು."

ನಾನು ಆಡಿದ್ದು ಸಿಟ್ಟಿನ ಮಾತು. ಈಕೆ ಅದನ್ನು ದೇವರ ಮಾತು ಎಂದು ತಲೆಯ ಮೇಲೆ ಹೊತ್ತುಕೊಂಡು ಸಾಯಲು ತಯಾರಾಗಿ ಕೂತಿದ್ದಳು. ಅಲ್ಲೇ ಕುಕ್ಕರಗಾಲಲ್ಲಿ ಕೂತು, "ನಾ ತಪ್ಪು ಹೇಳಿದ್ನವ್ವ, ಅದು ಶಿಕ್ಷಾ ಅಲ್ಲ, ಹೋಗಿ ಆಪರೇಷನ್ ಮಾಡಿಸ್ಕೋ" ಎಂದೆ. ಆಕೆ ನಕ್ಕಳು.

"ನಿಮಗ ನನ್ನ ಮ್ಯಾಗ ಮರುಕ ಬಂದದ, ಅದಕ್ಕ ಹಿಂದ ತಗೊಳ್ಳಾಕತ್ತೀರಿ. ದೇವರ ಮಾತು ಹಿಂಗ ದಿನಕ್ಕೊಂದು ಆಗ್ತದೇನ್ರಿ? ಮೊದ್ಲ ಕರಗ್ತದ ಅಂದ್ರಿ. ಆಮ್ಯಾಲೆ ಶಿಕ್ಷಾ ಅಂದ್ರಿ. ಈಗ ಕೊಯ್ಯಿಸ್ಕೋ ಅಂತೀರಿ. ಯಾವುದು ಆತಂದು, ಯಾವುದು ನಿಮ್ದು?"

ದೇವಶಾಸ್ತ್ರದ ಯಾವ ಪರೀಕ್ಷೆಯಲ್ಲೂ ನನ್ನನ್ನು ಯಾರೂ ಅಷ್ಟು ಕಷ್ಟದ ಪ್ರಶ್ನೆ ಕೇಳಿರಲಿಲ್ಲ. ಎದ್ದು ಬಂದೆ.

ಮನೆಯ ಮುಂದೆ ಆಕೆಯ ಅಕ್ಕ ಕಾಯುತ್ತಿದ್ದಳು. ನೀರಮಾನ್ವಿಯಿಂದ ಬಂದಿದ್ದಳು, ಹಣೆಯ ತುಂಬ ಭಂಡಾರ. ಬೈಯಲು ಬಂದಿದ್ದಾಳೆ ಅಂದುಕೊಂಡೆ. ಬೈಯಲಿಲ್ಲ. "ಯಪ್ಪಾ, ನಾನು ಹರಕಿ ಹೊತ್ತು ಡಾಕ್ಟರ್ ಕಡೆನೂ ಹೋಗು ಅಂದೀನಿ. ನಮ್ಮವ್ವ ಯಲ್ಲಮ್ಮ ಬ್ಯಾಡ ಅಂದಿಲ್ಲ. ನಿಮ್ಮ ದೇವರಿಗೆ ಯಾಕ್ರಿ ಇಷ್ಟು ಸಿಟ್ಟು?" ಎಂದು ಕೇಳಿದಳು. ನನಗೆ ನಾಚಿಕೆಯಾಯಿತು. ನಮ್ಮ ದೇವರಿಗೆ ಸಿಟ್ಟಿಲ್ಲವ್ವ, ಸಿಟ್ಟು ನನ್ನದು ಎನ್ನಲು ಬಾಯಿ ಬರಲಿಲ್ಲ. ಚಹಾ ಕುಡಿಸಿ ಕಳಿಸಿದೆ.

ಸಂಜೆ ಮಾಸ್ತರರಿಗೆ ಎಲ್ಲ ಹೇಳಿದೆ. ಗಣಿತದವರು, ಸುಲಭದ ದಾರಿ ಹುಡುಕಿದರು.

"ಆಕಿ ನಿಮ್ಮ ಮಾತು ನಂಬಂಗಿಲ್ಲ, ದೇವರ ಮಾತು ನಂಬ್ತಾಳ. ಹಂಗಂದ ಮ್ಯಾಗ ದೇವರ ಹೆಸರಿಲೇ ಹೇಳ್ರಿ. ಕನಸು ಬಿದ್ದಿತ್ತು, ಕ್ಷಮಿಸೀನಿ ಆಪರೇಷನ್‌ಗೆ ಕಳಸು ಅಂತ ಕರ್ತ ಹೇಳಿದ ಅನ್ರಿ. ನಾಳೆನೇ ಬಸ್ ಹತ್ತತಾಳ. ಒಂದು ಜೀವ ಉಳೀತದಲ್ರಿ."

ಮಾತು ಸರಿಯಾಗಿಯೇ ಇತ್ತು, ಅದೇ ಕಷ್ಟ. ಒಂದೇ ಒಂದು ಸುಳ್ಳು, ಅದೂ ಒಳ್ಳೆಯದಕ್ಕೆ. ರಾತ್ರಿಯೆಲ್ಲ ಆ ಕನಸನ್ನು ಮನಸ್ಸಿನಲ್ಲೇ ಹೆಣೆದೆ. ಬೆಳಕು, ಬಿಳಿ ಬಟ್ಟೆ, ದನಿ, ಎಲ್ಲವನ್ನೂ ಜೋಡಿಸಿದೆ. ಬೆಳಿಗ್ಗೆ ಮೊದಲು ಹೊಸ ತಾರೀಖು ಕೇಳಿಕೊಳ್ಳೋಣ ಎಂದು ರಾಯಚೂರಿನ ಬಸ್ ಹತ್ತಿದೆ.

ಡಾಕ್ಟರಮ್ಮ ಓಪಿಡಿಯ ಗದ್ದಲದ ನಡುವೆಯೇ ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಬರುವ ಬುಧವಾರ ಒಂದು ಬೆಡ್ ಕೊಡಬಹುದು, ಮಂಗಳವಾರವೇ ಬಂದು ರಕ್ತ ಏರಿಸಿಕೊಳ್ಳಬೇಕು ಎಂದರು. ಗಡ್ಡೆ ಕೆಟ್ಟದ್ದೋ ಸಾದಾದ್ದೋ ಎಂದು ಕೇಳಿದೆ. "ತೆಗೆದು ಲ್ಯಾಬಿಗೆ ಕಳಿಸೋವರೆಗೂ ನನಗೆ ಗೊತ್ತಾಗಲ್ಲ" ಎಂದರು. ಅಷ್ಟು ಓದಿದವರು, ಅಷ್ಟು ಜನರ ಮುಂದೆ, ಗೊತ್ತಿಲ್ಲ ಎಂದು ಎಷ್ಟು ಸಲೀಸಾಗಿ ಹೇಳಿದರು. ನಾನು ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಹಾಗೆ ಹೇಳಿದ್ದೇನೆಯೇ ಎಂದು ಬಸ್‌ಸ್ಟ್ಯಾಂಡ್ ತಲುಪುವವರೆಗೂ ನೆನೆಸಿಕೊಂಡೆ. ನೆನಪಾಗಲಿಲ್ಲ.

ಮಾನ್ವಿಯ ಬಸ್ ಬಿಟ್ಟು ಗಬ್ಬೂರಿನ ಮೇಲೆ ಹೋಗುವ ದೇವದುರ್ಗದ ಬಸ್ ಹತ್ತಿದೆ. ದೇವದುರ್ಗದಲ್ಲಿ ನಮ್ಮ ಸಭೆಯ ನಿವೃತ್ತ ಪಾಲಕರೊಬ್ಬರಿದ್ದಾರೆ. ನನಗೆ ಕೆಲಸ ಕಲಿಸಿದವರು. ಮುದುಕರು ಅಂಗಳದಲ್ಲಿ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದರು. ನಾನೂ ಕೂತು ಸುಲಿಯುತ್ತಾ ಎಲ್ಲ ಹೇಳಿದೆ. ಕನಸಿನ ಉಪಾಯವನ್ನೂ ಹೇಳಿದೆ. ಹೂಂ ಅನ್ನಲಿ ಎಂದು ಒಳಗೊಳಗೇ ಆಸೆಯಿತ್ತು.

"ಬೈಬಲ್ಲಿನ ಮೊದಲ ತೋಟದಾಗ ಆ ಹಾವು ಏನಂತ ಆಸೆ ಹಚ್ಚಿತ್ತು ತಮ್ಮಾ?" ಎಂದರು.

"ದೇವರಂಗ ಆಗ್ತೀರಿ ಅಂತ."

"ಕಳ್ಳತನ ಮಾಡು, ಕೊಲಿ ಮಾಡು ಅಂತೇನರ ಅಂತೇನು? ಇಲ್ಲ. ಒಳ್ಳೇದು ಯಾವುದು ಕೆಟ್ಟದು ಯಾವುದು ನೀವೇ ಹೇಳಬಹುದು ಅಂತು. ಕಳ್ಳರಿಗೆ ಅದು ಬಲಿ ಬೀಸಂಗಿಲ್ಲ. ನಮ್ಮಂಥ ಒಳ್ಳೆ ಮಂದಿಗೇ ಬೀಸತದ." ಒಂದು ಶೇಂಗಾಕಾಯಿ ಒಡೆದು ನನ್ನ ಕೈಗಿಟ್ಟರು. "ಮೊದಲ ಸಲ ಆತನ ಕುರ್ಚಿ ಮ್ಯಾಗ ಕುಂತು ವಾಸಿ ಮಾಡ್ತೀನಿ ಅಂದಿ. ಎರಡನೇ ಸಲ ಅಲ್ಲೇ ಕುಂತು ಶಿಕ್ಷಾ ಕೊಟ್ಟಿ. ಈಗ ಮೂರನೇ ಸಲ ಕುಂತು ಕ್ಷಮಾ ಮಾಡಾಕ ಹೊಂಟೀದಿ. ಇಳಿ ಮಾರಾಯ. ಕುರ್ಚಿ ಮ್ಯಾಗ ಕುಂತು, ಇದು ನನ್ನ ಕುರ್ಚಿ ಅಲ್ಲ ಅಂದ್ರ ಯಾರ ನಂಬ್ತಾರ?"

"ನಾ ಇಳದ್ರೂ ಆಕಿ ಆಪರೇಷನ್‌ಗೆ ಒಪ್ಪದಿದ್ರ?"

ಮುದುಕರ ಕೈ ನಿಂತಿತು. "ಒಪ್ಪದನೂ ಇರಬಹುದು. ಆ ಹೆದರಿಕಿ ಹೊತ್ಕೊಂಡೇ ಇಳೀಬೇಕು" ಎಂದರು. ನನ್ನ ಬೆನ್ನು ತಟ್ಟಲಿಲ್ಲ, ಪ್ರಾರ್ಥನೆಯನ್ನೂ ಮಾಡಲಿಲ್ಲ. ಊಟಕ್ಕೆ ರೊಟ್ಟಿ, ಪುಂಡಿಪಲ್ಯ ಹಾಕಿಸಿದರು.

ಶನಿವಾರ ಕಮಿಟಿಯಲ್ಲಿ ನನ್ನ ಹೆಸರನ್ನೂ ತಪ್ಪು ಮಾಡಿದವರ ಪಟ್ಟಿಗೆ ಸೇರಿಸಿ, ಬುಧವಾರ ಹತ್ತಿರ ಬಂದಿದೆ, ಮೂರು ತಿಂಗಳು ಕಾಯಿಸದೆ ನಾಳೆಯೇ ತಪ್ಪು ಹೇಳಲು ಬಿಡಿ ಎಂದೆ. ಗದ್ದಲವಾಯಿತು. ಪಾಲಕರೇ ತಪ್ಪು ಒಪ್ಪಿಕೊಂಡರೆ ನಾಳೆ ಯಾರು ಮಾತು ಕೇಳುತ್ತಾರೆ, ಬೇರೆ ಸಭೆಯವರು ನಗುವುದಿಲ್ಲವೇ ಎಂದರು. ಒಬ್ಬರು ಎದ್ದೇ ಹೋದರು. ಮಾಸ್ತರರು ಮಾತ್ರ ನೋಟ್‌ಬುಕ್ ತೆರೆದು ಬರೆದುಕೊಂಡರು.

ಆದಿತ್ಯವಾರ ಬಿಳಿ ನಿಲುವಂಗಿ ತೊಡಲಿಲ್ಲ. ಆರಾಧನೆಯನ್ನು ಮಾಸ್ತರರು ನಡೆಸಿದರು. ನನ್ನ ಹೆಸರನ್ನೂ ಅವರೇ ಓದಿದರು. ನಾನು ಜಮಖಾನದ ಮುಂದೆ ಹೋಗಿ ನಿಂತೆ. ಎಷ್ಟೋ ಜನರನ್ನು ಅಲ್ಲಿ ನಿಲ್ಲಿಸಿದ್ದೇನೆ, ಅಲ್ಲಿಂದ ಸಭೆ ಹೇಗೆ ಕಾಣುತ್ತದೆ ಎಂದು ಗೊತ್ತಿರಲಿಲ್ಲ. ಮೈಕು ಬೇಡವೆಂದೆ.

"ಗಡ್ಡಿ ಕರಗ್ತದ ಅಂತ ದೇವರು ನನಗ ಹೇಳಿರಲಿಲ್ಲ. ನೀವೆಲ್ಲ ಆಮೆನ್ ಅಂತೀರಿ ಅಂತ ನಾನೇ ಹೇಳಿದೆ. ಅದು ಶಿಕ್ಷಾ ಅಂತನೂ ದೇವರು ಹೇಳಿರಲಿಲ್ಲ. ನನ್ನ ಮಾತು ಸುಳ್ಳಾತಂತ ಸಿಟ್ಟಿಗೆ ಹೇಳಿದೆ. ಆಕಿ ಯಾಕ ಜಡ್ಡಿಗೆ ಬಿದ್ದಾಳ ಅಂತ ನನಗ ಗೊತ್ತಿಲ್ಲ. ಆತನ ಹೆಸರಿಲೇ ಸುಳ್ಳು ಹೇಳಿದೆ. ತಪ್ಪು ಮಾಡಿದೆ."

ಇನ್ನು ಯಾರಾದರೂ ಬಂದು ಕೈ ಕೊಡಬೇಕು. ಯಾರೂ ಏಳಲಿಲ್ಲ. ಮುಂದಿನ ಸಾಲಿನವರು ನೆಲ ನೋಡುತ್ತಿದ್ದರು. ನನಗೆ ಅಳು ಬಂತು.

ಬಾಗಿಲ ಹತ್ತಿರದಿಂದ ಆಕೆಯ ದನಿ ಕೇಳಿತು. "ಮಾಸ್ತರ್ರ, ಹಿಂದ ಕೂಡಿಸಿದವ್ರು ಕೈ ಕೊಡಬಹುದೇನ್ರಿ?"

ಮಾಸ್ತರರು ಗಡಿಬಿಡಿಯಿಂದ ನೋಟ್‌ಬುಕ್ಕಿನ ಹಾಳೆ ತಿರುವಿದರು. "ಕೊಡಬಾರದು ಅಂತ ಇದರಾಗ ಬರದಿಲ್ಲವ್ವ" ಎಂದರು.

ಗೋಡೆ ಹಿಡಿದುಕೊಂಡು ಎದ್ದಳು. ಸಾಲುಗಳ ನಡುವೆ ನಿಧಾನ ನಡೆದು ಬಂದಳು. ಸುತಳಿ ಎಳೆದು ಎಳೆದು ಒರಟಾದ ಬಲಗೈಯನ್ನು ನನ್ನ ಕೈಗಿಟ್ಟಳು. ನಾನು ಆ ಸಭೆಗೆ ಬಂದಾಗಿನಿಂದ ಸಾವಿರ ಸಲ ಕ್ಷಮೆಯ ಬಗ್ಗೆ ಹೇಳಿದ್ದೇನೆ. ಮಾಡಿ ತೋರಿಸಿದವಳು ಆಕೆ. ಮಾಡಿದ್ದು ಏನೋ ದೊಡ್ಡದು ಎಂಬ ಗುರುತು ಆಕೆಯ ಮುಖದಲ್ಲಿ ಇರಲಿಲ್ಲ.

ಕೈ ಬಿಡದೆ ಕೇಳಿದಳು, "ಹಂಗಾದ್ರ ಆಪರೇಷನ್ ಮಾಡಿಸ್ಕೋಬೇಕೋ ಬ್ಯಾಡೋ? ನೀವ ಹೇಳ್ರಿ."

ಇಡೀ ಸಭೆ ನನ್ನ ಬಾಯಿ ನೋಡುತ್ತಿತ್ತು. ಹೆಣೆದಿಟ್ಟ ಕನಸು ನಾಲಿಗೆಯ ತುದಿಗೆ ಬಂದಿತ್ತು ಎಂದು ಹೇಳಿದರೆ ನಂಬಬೇಕು.

"ಡಾಕ್ಟರಮ್ಮ ಮಾಡಿಸ್ಕೋ ಅಂತಾರ. ನಾನೂ ನಿನ್ನ ತಮ್ಮನಂಗ ಮಾಡಿಸ್ಕೋ ಅಂತ ಬೇಡ್ಕೊಂತೀನಿ. ದೇವರು ಏನಂತಾನ ಅನ್ನೋದು ನಾ ಹೇಳಂಗಿಲ್ಲ ಯವ್ವಾ. ನೀನೇ ಕೇಳು."

ಆಕೆ ಅಲ್ಲೇ ಮೊಣಕಾಲೂರಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ನಾವೆಲ್ಲ ಕಾದೆವು. ಬೇಡ ಎಂದುಬಿಟ್ಟರೆ ಏನು ಮಾಡಲಿ? ಮುದುಕರು ಹೇಳಿದ ಹೆದರಿಕೆ ಇದೇ ಇರಬೇಕು. ಬಹಳ ಹೊತ್ತಿನ ಮೇಲೆ ಜಮಖಾನಕ್ಕೆ ಕೈಯೂರಿ ಎದ್ದಳು.

"ಮಂಗಳವಾರ ಎಷ್ಟು ಗಂಟಿ ಬಸ್ಸಿಗೆ ಹೋಗೂನ್ರಿ?" ಎಂದಳು.

ಮಾಸ್ತರರು ಬಂದು ನನಗೆ ಕೈ ಕೊಟ್ಟರು. ಆಮೇಲೆ ಕೆಲವರು ಬಂದರು. ಎಲ್ಲರೂ ಬರಲಿಲ್ಲ. ಎರಡು ಮನೆಯವರು ಈಗಲೂ ನಮ್ಮ ದೇವಾಲಯಕ್ಕೆ ಬರುವುದಿಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ.

ಮಂಗಳವಾರ ಹಗಲು ಒಂದು ಬಾಟಲಿ ರಕ್ತ, ರಾತ್ರಿ ಇನ್ನೊಂದು ಏರಿಸಿದರು. ನೀರಮಾನ್ವಿಯ ಅಕ್ಕನೂ ಬಂದಿದ್ದಳು. ಬುಧವಾರ ಬೆಳಿಗ್ಗೆ ಹಸಿರು ಗೌನು ತೊಡಿಸಿ ಸ್ಟ್ರೆಚರ್ ಮೇಲೆ ಮಲಗಿಸಿದರು. ಆಪರೇಷನ್ ಕೋಣೆಯ ಬಾಗಿಲಲ್ಲಿ ಆಕೆ ನನ್ನ ಕೈ ಹಿಡಿದಳು. ಕೈ ತಣ್ಣಗಿತ್ತು.

"ಬದುಕ್ತೀನೇನ್ರಿ ಅಯ್ಯಾರ?"

"ಗೊತ್ತಿಲ್ಲವ್ವ" ಎಂದೆ. "ಇಲ್ಲೇ ಹೊರಗ ಕುಂತಿರ್ತೀನಿ."

"ಕುಂದ್ರಿ" ಎಂದಳು. ಬಾಗಿಲು ಮುಚ್ಚಿತು.

ಹೊರಗಿನ ಕಟ್ಟಿಗೆಯ ಬೆಂಚಿನ ಮೇಲೆ ಕೂತೆ. ಪ್ರಾರ್ಥನೆ ಮಾಡಿದೆ. ಇಂಥದ್ದು ಮಾಡು ಎಂದು ಅಪ್ಪಣೆ ಕೊಡುವ ದನಿಯಲ್ಲಿ ಮಾತ್ರ ಮಾಡಲಿಲ್ಲ. ಮೂರು ತಾಸಿನ ಮೇಲೆ ಡಾಕ್ಟರಮ್ಮ ಹೊರಗೆ ಬಂದು ಗಡ್ಡೆ ಪೂರ್ತಿ ತೆಗೆದಾಯಿತು, ತೊಂದರೆಯಿಲ್ಲ ಎಂದರು. ಲ್ಯಾಬಿನ ರಿಪೋರ್ಟು ಆಮೇಲೆ ಬಂತು, ಸಾದಾ ಗಡ್ಡೆ.

ಸಂಜೆ ವಾರ್ಡಿಗೆ ಹೋದಾಗ ಆಕೆಗೆ ಎಚ್ಚರವಾಗಿತ್ತು. ಅಕ್ಕ ನನ್ನನ್ನು ಕಂಡದ್ದೇ ಕಾಲು ಮುಟ್ಟಲು ಬಗ್ಗಿದಳು. ಸುತ್ತಲಿನ ಮಂಚದವರಿಗೆಲ್ಲ ಕೇಳುವಂತೆ, "ನಮ್ಮ ತಂಗಿ ಉಳದಿದ್ದು ಈ ಅಯ್ಯಾರ ಪ್ರಾರ್ಥನಿಲೇ. ಬಾಗಿಲ ಬಿಟ್ಟು ಕದಲಲಿಲ್ಲ ಪುಣ್ಯಾತ್ಮ" ಎಂದಳು. ಪಕ್ಕದ ಮಂಚದ ಹೆಂಗಸು ಆಗಲೇ ತನ್ನ ಮಗುವನ್ನು ಎತ್ತಿಕೊಂಡು ನನ್ನ ಕಡೆ ಹೊರಟಿದ್ದಳು. ಸುಳ್ಳು ಹೇಳುವುದಿಲ್ಲ, ಎದೆಯೊಳಗೆ ಸಿಹಿಯಾಯಿತು. ಆದಿತ್ಯವಾರ ಅಷ್ಟು ಅತ್ತು ಇನ್ನೂ ನಾಲ್ಕು ದಿನ ಆಗಿರಲಿಲ್ಲ.

ಆಕೆ ಒಣಗಿದ ತುಟಿ ತೆರೆದಳು.

"ಅಕ್ಕಾ, ಅವರನ್ನ ಮ್ಯಾಗ ಏರಿಸಬ್ಯಾಡ. ನರ್ಸವ್ವ ಎಲ್ಲಾ ಹೇಳ್ಯಾಳ. ಒಳಗ ನನಗ ಕೊಯ್ಯುವಾಗ ಅಯ್ಯಾರು ಬೆಂಚಿನ ಮ್ಯಾಗ ಬಾಯಿ ತಕ್ಕೊಂಡು ಗೊರಕಿ ಹೊಡ್ಯಾಕತ್ತಿದ್ರಂತ. ಆತನೇ ಎಚ್ಚರಿದ್ದ."

"ಹೌದವ್ವ" ಎಂದೆ.